ನಾಲ್ಕನೆಯ ತೋಟಾ ಸಿಕ್ಕಿಬಿದ್ದ ಮೇಲೆ

ಮೊದಲ ಮೂರು ಗುಂಡುಗಳು ಸಲೀಸಾಗಿ ಹಾರಿದವು. ಮೂರನೆಯದರ ಖಾಲಿ ಕೇಸು ಬಲಕ್ಕೆ ಚಿಮ್ಮಿ ಬಿದ್ದ ಮೇಲೆ ತೋಟಾವನ್ನು ನಳಿಕೆಯ ಬುಡಕ್ಕೆ ನೂಕಿ ಮುಚ್ಚುವ ರೈಫಲ್ಲಿನ ಬೋಲ್ಟು ಮುಂದಕ್ಕೆ ಬಂದ ಸದ್ದು ಮಾತ್ರ ಬೇರೆಯಾಗಿತ್ತು. ಪ್ರತಿಸಲ ಕೇಳುವ ಗಟ್ಟಿಯಾದ ಸದ್ದಿನ ಬದಲು ಮಂದವಾದ, ಅರ್ಧಕ್ಕೆ ನಿಂತಂಥ ಸದ್ದು. ಟ್ರಿಗರ್ ಒತ್ತಿದೆ, ಏನೂ ಆಗಲಿಲ್ಲ. ಬಗ್ಗಿ ನೋಡಿದರೆ ಬೋಲ್ಟು ಪೂರ್ತಿ ಮುಚ್ಚಿಕೊಳ್ಳಲು ಕೂದಲೆಳೆಯಷ್ಟು ಬಾಕಿ ಉಳಿದಿತ್ತು. ಬೋಲ್ಟನ್ನು ಮುಂದಕ್ಕೆ ನೂಕಲೆಂದೇ ರೈಫಲ್ಲಿನ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ. ಹಿಂದುಮುಂದು ಯೋಚಿಸದೆ ಅದನ್ನು ಅಂಗೈಯಿಂದ ಎರಡು ಸಲ ಗುದ್ದಿದೆ. ಆ ದಿನ ನಾನು ಮಾಡಿದ ತಪ್ಪುಗಳಲ್ಲಿ ಅದು ಎರಡನೆಯದು. ಅದಕ್ಕೂ ಮೊದಲು ಬೋಲ್ಟು ಹಿಂದಕ್ಕಾದರೂ ಬರುತ್ತಿತ್ತೇನೋ, ಗುದ್ದಿದ ಮೇಲೆ ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಬೆಣೆ ಹೊಡೆದಂತೆ ಕಚ್ಚಿಕೊಂಡಿತು. ಒಳಗೆ ಜೀವಂತ ತೋಟಾ ಇತ್ತು, ಮತ್ತು ಅದನ್ನು ಮನೆಯ ಮೇಜಿನ ಮೇಲೆ ನಾನೇ ತುಂಬಿಸಿದ್ದೆ.

ಮೊದಲ ತಪ್ಪು ಆ ಮೇಜಿನ ಮೇಲೆ ಆಗಿತ್ತು. ಅದು ಏನೆಂದು ತಿಳಿಯಲು ನನಗೆ ಸುಮಾರು ಎರಡು ವಾರ ಹಿಡಿಯಿತು.

ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನು ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ಹಿಂಡಿ ಮತ್ತೆ ಅಳತೆಗೆ ತಂದು, ಅದಕ್ಕೆ ಹೊಸ ಪ್ರೈಮರ್ (ಹೊಡೆತಕ್ಕೆ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಮದ್ದು ಮತ್ತು ಗುಂಡನ್ನು ಸೇರಿಸಿ ಪುನಃ ತೋಟಾ ಮಾಡುವುದನ್ನು ರೀಲೋಡಿಂಗ್ ಎನ್ನುತ್ತಾರೆ. ಇದಕ್ಕೆ ಎಲ್ಲೆಡೆ ಅನುಮತಿ ಇಲ್ಲ. ಕೆಲವು ದೇಶಗಳಲ್ಲಿ ಹವ್ಯಾಸಿಗಳಿಗೆ ಮುಕ್ತವಾಗಿದೆ, ಕೆಲವೆಡೆ ಪ್ರತ್ಯೇಕ ಪರವಾನಗಿ ಬೇಕು, ಇನ್ನು ಕೆಲವೆಡೆ ಅಪರಾಧ. ಆದ್ದರಿಂದ ಉಪಕರಣ ಕೊಳ್ಳುವ ಮೊದಲು ತಾನಿರುವ ಕಡೆಯ ಕಾನೂನನ್ನು ಓದಿಕೊಳ್ಳುವುದು ಕಡ್ಡಾಯ. ತೋಟಾದ ನಾಲ್ಕು ಭಾಗಗಳಲ್ಲಿ ಗುಂಡು ಹಾರಿಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಪ್ರೈಮರ್ ಒಮ್ಮೆ ಸಿಡಿದರೆ ಮುಗಿಯಿತು, ಕೇಸು ಮಾತ್ರ ಉಳಿಯುತ್ತದೆ. ನೂರಕ್ಕೆ 70 ಪಾಲು ತಾಮ್ರ ಮತ್ತು 30 ಪಾಲು ಸತು ಬೆರೆತ ಈ ಹಿತ್ತಾಳೆಗೆ ಒತ್ತಡ ಬಿದ್ದಾಗ ಹಿಗ್ಗಿ ಚೇಂಬರಿನ (ನಳಿಕೆಯ ಬುಡದಲ್ಲಿ ತೋಟಾ ಕೂರುವ ಜಾಗ) ಗೋಡೆಗೆ ಅಂಟಿಕೊಂಡು, ಒತ್ತಡ ಇಳಿದಾಗ ತುಸು ಕುಗ್ಗಿ ಬಿಡಿಸಿಕೊಳ್ಳುವ ಗುಣವಿದೆ. ಆ ‘ತುಸು’ ಎಂಬ ಮಾತಿನಲ್ಲೇ ನನ್ನ ಕಷ್ಟವೆಲ್ಲ ಅಡಗಿತ್ತು.

ಸಿಕ್ಕಿಬಿದ್ದ ತೋಟಾವನ್ನು ಅಂದು ಹೊರತೆಗೆದವರು ಗುರಿ ಅಭ್ಯಾಸದ ಮೈದಾನದ ಉಸ್ತುವಾರಿ ನೋಡಿಕೊಳ್ಳುವ ಹಿರಿಯರು. ನಳಿಕೆ ಮಣ್ಣಿನ ದಿಬ್ಬದ ಕಡೆಗೇ ಇರಲೆಂದು ಎಚ್ಚರಿಸಿ, ಮೊದಲು ಮ್ಯಾಗಝಿನ್ ತೆಗೆಸಿದರು. ಆಮೇಲೆ ಭುಜಕ್ಕೊತ್ತುವ ಹಿಂಬದಿ ಹಿಡಿಯ ಉದ್ದವನ್ನು ಪೂರ್ತಿ ಕಿರಿದು ಮಾಡಿ, ಮುಖ ಮತ್ತು ಮೈ ನಳಿಕೆಯ ದಾರಿಗೆ ಅಡ್ಡ ಬಾರದಂತೆ ನಿಂತು, ಬೋಲ್ಟು ಎಳೆಯುವ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ರೈಫಲ್ಲಿನ ಬುಡವನ್ನು ಮರದ ಹಲಗೆಯ ಮೇಲೆ ಒಮ್ಮೆ ಜೋರಾಗಿ ಕುಟ್ಟಿದರು. ತೋಟಾ ಹೊರಗೆ ಬಿತ್ತು. ಅದನ್ನೆತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಕೇಸಿನ ಭುಜದ ಸುತ್ತ, ಬಾಟಲಿಯ ಆಕಾರ ಕಿರಿದಾಗಲು ತೊಡಗುವ ಜಾಗದಲ್ಲಿ, ಉಜ್ಜಿದ ಹೊಳಪಿನ ತೆಳ್ಳನೆಯ ಪಟ್ಟಿಯೊಂದು ಕಾಣುತ್ತಿತ್ತು.

“ಏನಪ್ಪಾ, ಈ ರೈಫಲ್ಲಿಗೆಂದು ಡೈಯನ್ನು ಹೊಸದಾಗಿ ಕೂರಿಸಿದೆಯೋ, ಹಳೆಯ ಅಳತೆಯಲ್ಲೇ ತಳ್ಳಿದೆಯೋ?” ಎಂದು ಕೇಳಿದರು.

“ಹಳೆಯದೇ ಸಾರ್. ಎರಡೂ ರೈಫಲ್ಲುಗಳು .223 ತಾನೇ?” ಎಂದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. “ಮನೆಗೆ ಹೋಗಿ ಅಳೆದು ನೋಡು. ಅಳೆಯದೆ ನನಗೆ ಏನೂ ಹೇಳಬೇಡ” ಎಂದು ತೋಟಾವನ್ನು ನನ್ನ ಕೈಗಿಟ್ಟರು.

ಹಿನ್ನೆಲೆ ಇಷ್ಟು. ನಾಲ್ಕು ವರ್ಷಗಳಿಂದ .223 ರೆಮಿಂಗ್ಟನ್ ಎಂಬ ಅಳತೆಯ ತೋಟಾ ಹಾರಿಸುವ, ಬೋಲ್ಟನ್ನು ಕೈಯಿಂದಲೇ ಎಳೆದು ಮುಚ್ಚುವ ಬೋಲ್ಟ್ ಆಕ್ಷನ್ ರೈಫಲ್ಲಿಗೆ ತೋಟಾ ತುಂಬಿಸುತ್ತಿದ್ದೆ. ನನ್ನ ಡೈ ಆ ರೈಫಲ್ಲಿನ ಚೇಂಬರಿಗೆ ಸರಿಹೊಂದುವಂತೆ ಪ್ರೆಸ್ಸಿನಲ್ಲಿ ಕೂತಿತ್ತು, ಅದರ ಬಿಗಿ ಉಂಗುರವನ್ನು ವರ್ಷಗಟ್ಟಲೆ ಮುಟ್ಟಿರಲಿಲ್ಲ. ಆಮೇಲೆ, ಒಂದು ಹಾರಿದೊಡನೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ರೈಫಲ್ ಕೊಂಡು ಅದರಲ್ಲಿ ಕಾರ್ಖಾನೆಯ ತೋಟಾ ಹಾರಿಸಿ, ಆ ಖಾಲಿ ಕೇಸುಗಳನ್ನು ಅದೇ ಡೈಗೆ ಕೊಟ್ಟು 50 ತೋಟಾ ತಯಾರಿಸಿದ್ದೆ. ಹೆಸರು ಒಂದೇ ಆದರೂ ಪ್ರತಿ ಚೇಂಬರಿಗೂ ತನ್ನದೇ ಅಳತೆಯಿದೆ ಎಂಬುದು ನನಗೆ ಗೊತ್ತಿರದ ವಿಷಯವೇನಲ್ಲ. ಗೊತ್ತಿದ್ದೂ ನಡೆಸಿದ ಸೋಮಾರಿತನವದು.

ಬೋಲ್ಟ್ ಆಕ್ಷನ್ ನನ್ನನ್ನು ಅಷ್ಟು ದಿನ ಮುದ್ದು ಮಾಡಿ ಕೆಡಿಸಿತ್ತು ಎಂದರೂ ತಪ್ಪಲ್ಲ. ಅದರಲ್ಲಿ ಬೋಲ್ಟಿನ ಹಿಡಿಕೆಯನ್ನು ಕೆಳಕ್ಕೆ ತಿರುಗಿಸುವಾಗ ಇಳಿಜಾರು ಕೊರೆತವೊಂದು ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಕೇಸು ತುಸು ದಪ್ಪವಾಗಿದ್ದರೂ ಕೈಯ ಬಲ ಹಲವು ಪಟ್ಟಾಗಿ ಅದನ್ನು ಒಳಕ್ಕೆ ಒತ್ತಿಬಿಡುತ್ತದೆ. ಹಾಗೆ ಒತ್ತುವಾಗ ಅಂಗೈಗೆ ಬಿಗಿ ತಿಳಿಯುತ್ತದೆ, ಬೇಡವೆನಿಸಿದರೆ ನಿಲ್ಲಿಸಬಹುದು. ಸೆಮಿ ಆಟೋಮ್ಯಾಟಿಕ್ಕಿನಲ್ಲಿ ತೋಟಾವನ್ನು ಚೇಂಬರಿಗೆ ನೂಕುವುದು ಒಂದು ಸ್ಪ್ರಿಂಗು ಮತ್ತು ಅದು ತಳ್ಳುವ ಬೋಲ್ಟಿನ ಭಾರ. ಅಷ್ಟು ಬಲಕ್ಕೆ ತೋಟಾ ಜಗ್ಗದಿದ್ದರೆ ಬೋಲ್ಟು ಅಲ್ಲಿಯೇ ನಿಲ್ಲುತ್ತದೆ. ಹಾರಿದ ಮೇಲಿನ ಕಥೆಯೂ ಬೇರೆ. ನಳಿಕೆಯಿಂದ ಕದ್ದ ಅನಿಲದ ಬಲದಲ್ಲಿ ಬೋಲ್ಟು ಹಿಂದಕ್ಕೆ ಓಡುವ ಅವಸರದಲ್ಲಿ ಕೇಸು ಇನ್ನೂ ಪೂರ್ತಿ ಕುಗ್ಗಿ ತಣಿಯುವ ಮೊದಲೇ ಅದನ್ನು ಎಳೆದು ಹೊರಗೆಸೆಯುತ್ತದೆ. ಈ ಎಳೆದಾಟದಲ್ಲಿ ಕೇಸು ಹಿಗ್ಗುವುದೂ ಹೆಚ್ಚು, ಅಂಚು ಡೊಂಕಾಗುವುದೂ ಹೆಚ್ಚು. ಹೀಗಾಗಿ ಹೆಚ್ಚು ಹಿಗ್ಗಿದ ಕೇಸನ್ನು ಕಡಿಮೆ ಬಲದಿಂದ ಒಳಗೆ ಕೂರಿಸಬೇಕಾದ ಪೇಚು ಇಲ್ಲಿನದು.

ಸೂಕ್ಷ್ಮ ಅಳತೆಯ ಸಾಧನವಾದ ಕ್ಯಾಲಿಪರಿನ ದವಡೆಗೆ ಸಿಕ್ಕಿಸುವ ಚಿಕ್ಕ ಲೋಹದ ತುಣುಕೊಂದನ್ನು ತರಿಸಿಕೊಂಡೆ. ಅದರ ರಂಧ್ರವು ಕೇಸಿನ ಭುಜದ ಇಳಿಜಾರಿನ ನಡುವೆ ಒಂದು ನಿಶ್ಚಿತ ವ್ಯಾಸದ ಜಾಗದಲ್ಲಿ ಕೂರುತ್ತದೆ, ಅಲ್ಲಿಂದ ಬುಡದವರೆಗಿನ ಉದ್ದವನ್ನು ಓದಬಹುದು. .223ರ ವಿಷಯದಲ್ಲಿ ಈ ಉದ್ದವೇ ತೋಟಾ ಚೇಂಬರಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಹೊಸ ರೈಫಲ್ಲಿನಲ್ಲಿ ಹಾರಿಸಿ, ಇನ್ನೂ ಡೈ ಮುಟ್ಟದ ಹತ್ತು ಕೇಸುಗಳನ್ನು ಅಳೆದೆ. ಸರಾಸರಿ 37.22 ಮಿಲಿಮೀಟರ್ ಬಂತು. ಅವುಗಳನ್ನೇ ಹಳೆಯ ಹೊಂದಿಕೆಯಲ್ಲಿದ್ದ ಡೈಯೊಳಗೆ ತಳ್ಳಿ ತೆಗೆದು ಮತ್ತೆ ಅಳೆದೆ. 37.25 ಬಂತು. ಕ್ಯಾಲಿಪರನ್ನು ಒರೆಸಿ, ಸೊನ್ನೆಗೆ ತಂದು, ಮತ್ತೆ ಅಳೆದೆ. ಅಷ್ಟೇ. ಹಿಂಡಿದ ಮೇಲೆ ಕೇಸು ಗಿಡ್ಡವಾಗುವ ಬದಲು ಉದ್ದವಾಗಿತ್ತು.

ಒದ್ದೆ ಜೇಡಿಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದರೆ ಅದು ಬೆರಳುಗಳ ಮೇಲಕ್ಕೆ ಉಕ್ಕುವ ಹಾಗೆ, ಡೈಯ ಗೋಡೆಗಳು ಕೇಸಿನ ಮೈಯನ್ನು ಸುತ್ತಲಿಂದ ಒತ್ತಿದಾಗ ಹಿತ್ತಾಳೆ ಹೋಗಲು ಬೇರೆ ದಾರಿಯಿಲ್ಲದೆ ಭುಜವನ್ನು ಮುಂದಕ್ಕೆ ತಳ್ಳುತ್ತದೆ. ಡೈ ಇನ್ನೂ ಕೆಳಗೆ ಕೂತಿದ್ದರೆ ಅದರ ಒಳಗಿನ ಭುಜ ಕೇಸಿನ ಭುಜಕ್ಕೆ ತಾಗಿ ಅದನ್ನು ಹಿಂದಕ್ಕೆ ಒತ್ತುತ್ತಿತ್ತು. ನನ್ನ ಡೈ ಮೇಲಿದ್ದ ಕಾರಣ ಮೈ ಹಿಂಡುವ ಕೆಲಸ ಮಾತ್ರ ನಡೆದು, ಭುಜವನ್ನು ತಡೆಯುವವರು ಯಾರೂ ಇರಲಿಲ್ಲ. ಹಿತ್ತಾಳೆಯ ಗಡಸುತನ ಕೇಸಿನಿಂದ ಕೇಸಿಗೆ ಬೇರೆಯಾದ್ದರಿಂದ ಕೆಲವು ಹೆಚ್ಚು ಉಕ್ಕಿದ್ದವು, ಕೆಲವು ಕಡಿಮೆ. ಮೂರು ಹಾರಿ ನಾಲ್ಕನೆಯದು ಸಿಕ್ಕಿಬಿದ್ದದ್ದು ಅದೃಷ್ಟದ ಆಟವಲ್ಲ ಎಂದು ಗೊತ್ತಾದಾಗ ನಾಚಿಕೆಯ ಜೊತೆ ಸಮಾಧಾನವೂ ಆಯಿತು. ಅಳತೆಗೆ ಸಿಗುವ ತಪ್ಪನ್ನು ತಿದ್ದಬಹುದು.

ಬೋಲ್ಟ್ ಆಕ್ಷನ್ನಿಗೆ ಭುಜವನ್ನು 0.03 ರಿಂದ 0.05 ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಸಾಕು. ಸೆಮಿ ಆಟೋಮ್ಯಾಟಿಕ್ಕಿಗೆ ಅನುಭವಿಗಳು 0.08 ರಿಂದ 0.13 ಮಿಲಿಮೀಟರ್ ಬಿಡುತ್ತಾರೆ. ಒಂದು ಹಾಳೆ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್ ಎಂದುಕೊಂಡರೆ ಎಷ್ಟು ಸಣ್ಣ ಜಾಗದಲ್ಲಿ ಈ ವ್ಯವಹಾರ ನಡೆಯುತ್ತದೆ ಎಂಬುದು ಅರಿವಾಗುತ್ತದೆ. ಡೈಯ ಹೊರಮೈಯಲ್ಲಿ ಇಂಚಿಗೆ 14 ತಿರುಪಿನ ಸುತ್ತುಗಳಿರುತ್ತವೆ, ಎಂದರೆ ಒಂದು ಪೂರ್ತಿ ತಿರುವಿಗೆ ಡೈ 1.81 ಮಿಲಿಮೀಟರ್ ಇಳಿಯುತ್ತದೆ. 0.1 ಮಿಲಿಮೀಟರ್ ಬೇಕಾದರೆ ಪೂರ್ತಿ ತಿರುವಿನ ಹದಿನೆಂಟನೆಯ ಒಂದು ಭಾಗ, ಗಡಿಯಾರದ ನಿಮಿಷದ ಮುಳ್ಳು ಮೂರು ನಿಮಿಷಕ್ಕಿಂತ ತುಸು ಹೆಚ್ಚು ಚಲಿಸಿದಷ್ಟು. ಡೈಯ ತಲೆಯ ಮೇಲೆ ಪೆನ್ನಿನಿಂದ ಗೀಟು ಎಳೆದು, ಕೂದಲಷ್ಟು ತಿರುಗಿಸಿ, ಒಂದು ಕೇಸು ಹಿಂಡಿ, ಅಳೆದು, ಮತ್ತೆ ಕೂದಲಷ್ಟು ತಿರುಗಿಸಿದೆ. ಉಂಗುರವನ್ನು ಬಿಗಿ ಮಾಡಿದ ಕೂಡಲೇ ಅಳತೆ ಮತ್ತೆ ಓಡಿಹೋಗುತ್ತಿತ್ತು. ಕೊನೆಗೆ, ಪ್ರೆಸ್ಸಿನಲ್ಲಿ ಕೇಸು ಇದ್ದು ಒತ್ತಡ ಬಿದ್ದಿರುವಾಗಲೇ ಉಂಗುರ ಬಿಗಿದರೆ ಅಳತೆ ನಿಲ್ಲುತ್ತದೆ ಎಂದು ತಿಳಿಯಿತು. 37.12ಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಹದಿಮೂರು ಕೇಸು ಖರ್ಚಾಗಿದ್ದವು, ಅವುಗಳಲ್ಲಿ ಎರಡನ್ನು ಅತಿಯಾಗಿ ಒತ್ತಿ ಕೆಡಿಸಿದ್ದೆ.

ಅತಿಯಾಗಿ ಒತ್ತುವುದೂ ತಪ್ಪೇ ಎನ್ನುವುದು ಹೊಸಬರಿಗೆ ಬೇಗ ಹೊಳೆಯುವುದಿಲ್ಲ. ‘ಡೈಯನ್ನು ಕೇಸಿನ ಬುಡ ಹಿಡಿಯುವ ಪ್ರೆಸ್ಸಿನ ಕೊಂಡಿಗೆ ತಾಗುವವರೆಗೂ ಇಳಿಸಿಬಿಡು, ಎಲ್ಲ ರೈಫಲ್ಲಿಗೂ ಹೊಂದುತ್ತದೆ’ ಎಂಬ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಹೊಂದುತ್ತದೆ ನಿಜ, ಆದರೆ ಭುಜ ಬಹಳ ಹಿಂದಕ್ಕೆ ಹೋದ ಕೇಸು ಪ್ರತಿ ಸಲ ಹಾರಿದಾಗಲೂ ಆ ಖಾಲಿ ಜಾಗವನ್ನು ತುಂಬಲು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಬೇಕಾದ ಹಿತ್ತಾಳೆ ಬರುವುದು ಬುಡದ ತುಸು ಮೇಲಿನ ಗೋಡೆಯಿಂದ. ಕೆಲವು ಸುತ್ತುಗಳ ನಂತರ ಅಲ್ಲಿಯೇ ಕೇಸು ಎರಡು ತುಂಡಾಗುತ್ತದೆ, ಬುಡ ಹೊರಬಂದು ಮೈ ಚೇಂಬರಿನಲ್ಲೇ ಉಳಿಯುತ್ತದೆ.

ತುಂಬಿಸಿಟ್ಟಿದ್ದ ಉಳಿದ 47 ತೋಟಾಗಳನ್ನು ಏನು ಮಾಡುವುದೆಂಬ ಪ್ರಶ್ನೆ ಬಾಕಿಯಿತ್ತು. ಚೇಂಬರಿನ ಅಳತೆಗೆ ಕೊರೆದ ಉಕ್ಕಿನ ಗೇಜಿನೊಳಗೆ ಒಂದೊಂದಾಗಿ ಇಳಿಸಿ ನೋಡಿದೆ. 19 ತೋಟಾಗಳ ಬುಡ ಗೇಜಿನ ಅಂಚಿಗಿಂತ ಮೇಲೆಯೇ ನಿಂತಿತು. ಉಗುರಿನಿಂದ ಸವರಿದರೆ ಆ ಮೆಟ್ಟಿಲು ತಡೆಯುತ್ತಿತ್ತು. ಉಳಿದ 28 ಇಳಿದವಾದರೂ ಮನಸ್ಸು ಒಪ್ಪಲಿಲ್ಲ. ಟೊಳ್ಳು ತಲೆಯ ಪ್ಲಾಸ್ಟಿಕ್ ಸುತ್ತಿಗೆಯಂಥ ಸಾಧನವೊಂದಿದೆ. ತೋಟಾವನ್ನು ಅದರಲ್ಲಿ ತಲೆಕೆಳಗಾಗಿ ಸಿಕ್ಕಿಸಿ ಗಟ್ಟಿಯಾದ ಜಾಗಕ್ಕೆ ಹೊಡೆದರೆ ಗುಂಡು ತನ್ನ ಜಡತ್ವದಿಂದಲೇ ಕಳಚಿ ಕೆಳಕ್ಕೆ ಬೀಳುತ್ತದೆ. ಎರಡು ಸಂಜೆ ಕೂತು 47ನ್ನೂ ಬಿಚ್ಚಿದೆ. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆಯುತ್ತಿದ್ದೀರಾ ಎಂದು ವಿಚಾರಿಸಿದರು, ಹೌದೆಂದೆ. ಪ್ರೈಮರುಗಳು ಇನ್ನೂ ಜೀವಂತವಾಗಿದ್ದುದರಿಂದ ಹಳೆಯ ಪ್ರೈಮರನ್ನು ಹೊರತಳ್ಳುವ, ಡೈಯೊಳಗಿನ ಪಿನ್ನನ್ನು ಬಿಚ್ಚಿ, ಕನ್ನಡಕ ತೊಟ್ಟು, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಅವುಗಳನ್ನು ಹೊಸ ಅಳತೆಗೆ ತಂದೆ. ಇದನ್ನು ಸಲೀಸಾದ ಕೆಲಸವೆಂದು ಯಾರಿಗೂ ಹೇಳಲಾರೆ.

ಆಮೇಲೆ ಇಡೀ ಕ್ರಮವನ್ನು ಮೊದಲಿನಿಂದ ಕಲಿತೆ ಎನ್ನಬೇಕು. ಸೆಮಿ ಆಟೋಮ್ಯಾಟಿಕ್ ಖಾಲಿ ಕೇಸುಗಳನ್ನು ದೂರಕ್ಕೆ ಎಸೆಯುವುದರಿಂದ ಹೆಕ್ಕುವಾಗ ನಮ್ಮದರ ಜೊತೆ ಇತರರದೂ ಸೇರಿಕೊಳ್ಳುತ್ತದೆ. ಮನೆಗೆ ತಂದು ಮೊದಲು ಬುಡದ ಮುದ್ರೆ ನೋಡಿ ಬೇರ್ಪಡಿಸುತ್ತೇನೆ. ಸೇನೆಗೆಂದು ತಯಾರಾದ, .223ರಷ್ಟೇ ಗಾತ್ರದ 5.56 ಕೇಸುಗಳಲ್ಲಿ ಪ್ರೈಮರ್ ಕಳಚದಂತೆ ಅದರ ಸುತ್ತ ಹಿತ್ತಾಳೆಯನ್ನು ಒತ್ತಿ ಮಡಚಿರುತ್ತಾರೆ. ಆ ಮಡಿಕೆಯನ್ನು ತೆಗೆಯದೆ ಹೊಸ ಪ್ರೈಮರ್ ಒತ್ತಿದರೆ ಅದು ಸೊಟ್ಟಗೆ ಕೂರುತ್ತದೆ ಇಲ್ಲವೇ ಜಜ್ಜಿಹೋಗುತ್ತದೆ. ಕೆಲವು ಕೇಸುಗಳ ಒಳಗೆ ಟಾರ್ಚ್ ಹಾಕಿದರೆ ನಡುವೆ ಒಂದು ಕಿಂಡಿಯ ಬದಲು ಎರಡು ಪುಟ್ಟ ಕಿಂಡಿಗಳು ಕಾಣುತ್ತವೆ. ಅವು ಬರ್ಡನ್ ಮಾದರಿಯವು. ಪಿನ್ನಿನಿಂದ ಅವುಗಳ ಪ್ರೈಮರ್ ತಳ್ಳಲು ಹೋದರೆ ಪಿನ್ನೇ ಮುರಿಯುತ್ತದೆ. ಒಂದೇ ಕಿಂಡಿಯ ಬಾಕ್ಸರ್ ಮಾದರಿ ಮನೆಯಲ್ಲಿ ತುಂಬಿಸುವವರಿಗೆ ಅನುಕೂಲ. ಎರಡೂ 1860ರ ದಶಕದವು. ಬರ್ಡನ್ ಅಮೆರಿಕದವರು, ಬಾಕ್ಸರ್ ಇಂಗ್ಲೆಂಡಿನವರು. ಆದರೆ ಅಮೆರಿಕದಲ್ಲಿ ಬೇರೂರಿದ್ದು ಇಂಗ್ಲೆಂಡಿನವರ ಮಾದರಿ, ಯುರೋಪಿನ ಸೇನೆಗಳಲ್ಲಿ ಹರಡಿದ್ದು ಅಮೆರಿಕದವರದು. ಊರಿಗೆ ಬೇಕಾದವನು ಮನೆಗೆ ಬೇಡವಾದ ಕಥೆ.

ಹಾರಿಸಿದ ಪ್ರೈಮರಿನ ಮಸಿಯಲ್ಲಿ ಸೀಸದ ಅಂಶವಿರುತ್ತದೆ. ಆದ್ದರಿಂದ ಕೇಸು ತೊಳೆಯುವ ಪಾತ್ರೆ ಅಡುಗೆಮನೆಗೆ ಹೋಗುವುದಿಲ್ಲ, ಮೇಜಿನ ಬಳಿ ಏನನ್ನೂ ತಿನ್ನುವುದಿಲ್ಲ, ಎದ್ದ ಕೂಡಲೇ ಕೈ ತೊಳೆಯುತ್ತೇನೆ. ಮೊದಲು ಒಣ ಹೊಟ್ಟಿನಲ್ಲಿ ಹೊರಳಿಸುತ್ತಿದ್ದೆ, ಮುಚ್ಚಳ ತೆಗೆದಾಗ ಏಳುವ ಧೂಳಿನ ಭಯಕ್ಕೆ ಈಗ ನೀರಿನಲ್ಲೇ ಹೊರಳಿಸುತ್ತೇನೆ.

ಡೈಗೆ ಹೋಗುವ ಮೊದಲು ಕೇಸಿಗೆ ಜಿಡ್ಡು ಸವರಬೇಕು. ಇದರಲ್ಲಿ ನಾನು ಎರಡೂ ಕಡೆ ಎಡವಿದ್ದೇನೆ. ಒಮ್ಮೆ ಹೆಚ್ಚಾಗಿ, ಜಿಡ್ಡು ಹೋಗಲು ದಾರಿಯಿಲ್ಲದೆ ಭುಜದ ಮೇಲೆ ಬೆರಳಿನಿಂದ ಒತ್ತಿದಂಥ ಗುಳಿಗಳು ಬಿದ್ದವು. ಇನ್ನೊಮ್ಮೆ ಕಡಿಮೆಯಾಗಿ, ಪ್ರೆಸ್ಸಿನ ಕೈ ಕೆಳಗಿಳಿಯಿತು, ಮೇಲೇಳಲಿಲ್ಲ. ಬಲ ಹಾಕಿದಾಗ ಕೇಸಿನ ಅಂಚು ಕಿತ್ತು ಬಂದು, ಕೇಸು ಡೈಯೊಳಗೇ ಉಳಿಯಿತು. ಬುಡಕ್ಕೆ ರಂಧ್ರ ಕೊರೆದು, ಆ ರಂಧ್ರದೊಳಗೆ ತಿರುಪಿನ ಸುತ್ತು ಕೊರೆದು, ತಿರುಪುಮೊಳೆ ಹಾಕಿ ತಿರುಗಿಸಿ ಎಳೆದು ತೆಗೆಯಬೇಕಾಯಿತು. ಹೊರಬಂದಾಗ ನೋಯುವ ಹಲ್ಲು ಕಿತ್ತಂತೆ ಹಾಯೆನಿಸಿತು. ಅಂದಿನಿಂದ ಕುತ್ತಿಗೆಗೆ ಸೋಕಿದೊಡನೆ ಕೈಗೆ ಬಿಗಿ ಹೆಚ್ಚೆನಿಸಿದರೆ ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ತೆಗೆಯುತ್ತೇನೆ.

ಹಿಂಡಿದ ಕೇಸಿನ ಕುತ್ತಿಗೆ ಉದ್ದವಾಗುತ್ತದೆ. .223ಕ್ಕೆ ಗರಿಷ್ಠ ಉದ್ದ 44.70 ಮಿಲಿಮೀಟರ್, ನಾನು 44.45ಕ್ಕೆ ಕತ್ತರಿಸುತ್ತೇನೆ. ಮಿತಿ ಮೀರಿದರೆ ಬಾಯಿ ಚೇಂಬರಿನ ತುದಿಗೆ ಒತ್ತಿಕೊಂಡು ಗುಂಡನ್ನು ಬಿಡದೆ ಹಿಡಿಯುತ್ತದೆ, ಒತ್ತಡ ಏರುತ್ತದೆ. ಕತ್ತರಿಸುವ ಕೆಲಸ ಬೇಸರದ್ದು, ಅದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ಪ್ರೈಮರಿನ ಬಗ್ಗೆ ಮಾತ್ರ ಹೇಳಲೇಬೇಕು. ಎಆರ್-15 ಮಾದರಿಯ ಸೆಮಿ ಆಟೋಮ್ಯಾಟಿಕ್ ರೈಫಲ್ಲುಗಳಲ್ಲಿ ಪ್ರೈಮರಿಗೆ ಹೊಡೆಯುವ ಸೂಜಿಯನ್ನು ಹಿಂದಕ್ಕೆ ಹಿಡಿದಿಡುವ ಸ್ಪ್ರಿಂಗಿಲ್ಲ, ಅದು ಬೋಲ್ಟಿನೊಳಗೆ ಸಡಿಲವಾಗಿ ತೇಲುತ್ತಿರುತ್ತದೆ. ಬೋಲ್ಟು ರಭಸದಿಂದ ಮುಚ್ಚಿಕೊಂಡಾಗ ಸೂಜಿ ತನ್ನ ಓಟದಲ್ಲೇ ಮುಂದಕ್ಕೆ ಜಾರಿ ಪ್ರೈಮರನ್ನು ಮುಟ್ಟುತ್ತದೆ. ಹಿರಿಯರು ಇದನ್ನು ಬಾಯಲ್ಲಿ ಹೇಳದೆ ತೋರಿಸಿದರು. ಮೈದಾನದಲ್ಲಿ ದಿಬ್ಬಕ್ಕೆ ಗುರಿಯಿಟ್ಟು, ಕಾರ್ಖಾನೆಯ ತೋಟಾವೊಂದನ್ನು ಮ್ಯಾಗಝಿನ್ನಿನಿಂದ ಚೇಂಬರಿಗೇರಿಸಿ, ಹಾರಿಸದೆಯೇ ಹೊರತೆಗೆದು ನನ್ನ ಮುಂದೆ ಹಿಡಿದರು. ಪ್ರೈಮರಿನ ನಟ್ಟನಡುವೆ ಸೂಜಿಮೊನೆ ತಾಗಿದಂಥ ಪುಟ್ಟ ಚುಕ್ಕೆಯಿತ್ತು. “ಈ ಚುಕ್ಕೆಯನ್ನು ದಿನಾ ನೆನೆಸಿಕೊ” ಎಂದರು. ಪ್ರೈಮರ್ ಪೂರ್ತಿ ಒಳಗೆ ಕೂರದೆ ಬುಡದ ಮಟ್ಟಕ್ಕಿಂತ ಮೇಲೆ ಉಬ್ಬಿಕೊಂಡಿದ್ದರೆ, ಅಥವಾ ಅದರ ಬಟ್ಟಲು ತೀರಾ ಮೆದುವಾಗಿದ್ದರೆ, ಈ ಮುಟ್ಟುವಿಕೆಯೇ ಸಿಡಿತವಾಗಬಹುದು. ಬೋಲ್ಟು ಪೂರ್ತಿ ಮುಚ್ಚುವ ಮೊದಲೇ ಹಾಗಾದರೆ ರೈಫಲ್ಲೂ ಮುಖವೂ ಉಳಿಯುವ ಭರವಸೆಯಿಲ್ಲ. ಸಿಸಿಐ ಸಂಸ್ಥೆಯ 41 ಸಂಖ್ಯೆಯ ಪ್ರೈಮರಿನಂಥವು, ಅಷ್ಟು ಸುಲಭವಾಗಿ ಸಿಡಿಯದಂತೆ ಸೇನೆಯ ಮಾದರಿಯಲ್ಲಿ ತಯಾರಾದವು, ಇದೇ ಕಾರಣಕ್ಕೆ ಇವೆ.

ಈಗ ಪ್ರತಿ ಪ್ರೈಮರನ್ನೂ ಕೈಯಲ್ಲಿ ಹಿಡಿಯುವ ಚಿಕ್ಕ ಸಾಧನದಿಂದ ಒತ್ತುತ್ತೇನೆ. ಅದರಲ್ಲಿ ಗುಳಿಯ ತಳ ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಬುಡದ ಮಟ್ಟಕ್ಕಿಂತ 0.08 ರಿಂದ 0.13 ಮಿಲಿಮೀಟರ್ ಒಳಗಿರಬೇಕು. ಒತ್ತಿದ ಮೇಲೆ ಹೆಬ್ಬೆರಳಿನ ತುದಿಯಿಂದ ಸವರಿ, ಐವತ್ತನ್ನೂ ಬುಡ ಮೇಲಾಗಿ ಹಲಗೆಯ ಗುಳಿಗಳಲ್ಲಿ ನಿಲ್ಲಿಸಿ, ದೀಪವನ್ನು ಪಕ್ಕಕ್ಕೆ ತಂದು ಅಡ್ಡಬೆಳಕಿನಲ್ಲಿ ನೋಡುತ್ತೇನೆ. ಉಬ್ಬಿದ್ದರೆ ನೆರಳು ಹೇಳುತ್ತದೆ.

ಮದ್ದಿನ ತೂಕವನ್ನು ಇಲ್ಲಿ ಬರೆಯುವುದಿಲ್ಲ. ಕಂಪನಿಗಳು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಪ್ರಕಟಿಸುವ ಕೈಪಿಡಿಗಳಿವೆ, ಆ ಅಂಕಿಗಳನ್ನು ಅಲ್ಲಿಯೇ ಓದಬೇಕು, ಗೆಳೆಯರ ಬಾಯಿಂದ ಅಥವಾ ನನ್ನಂಥವರ ಬರಹದಿಂದ ಎತ್ತಿಕೊಳ್ಳಬಾರದು. .223ರ ಗರಿಷ್ಠ ಸರಾಸರಿ ಒತ್ತಡದ ಮಿತಿ ಚದರ ಇಂಚಿಗೆ 55,000 ಪೌಂಡು. ಮುಖದಿಂದ ಒಂದು ಗೇಣು ದೂರದಲ್ಲಿ ಅಷ್ಟು ಒತ್ತಡ ಏಳುತ್ತದೆ ಎಂಬುದು ನೆನಪಿದ್ದರೆ ಅಂದಾಜಿಗೆ ಮದ್ದು ಸುರಿಯುವ ಧೈರ್ಯ ಯಾರಿಗೂ ಬಾರದು. ತೂಕದ ಮಾನ ಗ್ರೇನ್, ಒಂದು ಗ್ರಾಮಿಗೆ 15.43 ಗ್ರೇನ್. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನ ತೂಗಿದ ಹಾಗೆ ಯುರೋಪಿನವರು ಧಾನ್ಯದ ಕಾಳಿನಿಂದ ತೂಗಿದ್ದರು, ಹೆಸರು ಹಾಗೆ ಬಂತು. ಫ್ಯಾನಿನ ಗಾಳಿ ಬಿದ್ದರೂ ತಕ್ಕಡಿ ಅಲುಗುತ್ತದೆ, ಆದ್ದರಿಂದ ತೂಗುವಾಗ ಫ್ಯಾನ್ ಆರಿಸುತ್ತೇನೆ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರುತ್ತದೆ, ಇನ್ನೊಂದು ಕಪಾಟಿನಿಂದ ಹೊರಗೆ ಬರುವುದಿಲ್ಲ.

ಸೆಮಿ ಆಟೋಮ್ಯಾಟಿಕ್ಕಿನಲ್ಲಿ ಮದ್ದು ಗುಂಡನ್ನು ಹಾರಿಸುವುದರ ಜೊತೆಗೆ ಯಂತ್ರವನ್ನೂ ಓಡಿಸಬೇಕು. ನಳಿಕೆಯ ನಡುವಿನ ರಂಧ್ರವನ್ನು ಗುಂಡು ದಾಟುವ ಹೊತ್ತಿಗೆ ಅಲ್ಲಿ ಎಷ್ಟು ಒತ್ತಡ ಉಳಿದಿದೆ ಎನ್ನುವುದು ಮುಖ್ಯ. ತೀರಾ ನಿಧಾನವಾಗಿ ಉರಿಯುವ ಮದ್ದು ಆ ರಂಧ್ರದ ಬಳಿ ಹೆಚ್ಚು ಒತ್ತಡ ಉಳಿಸುತ್ತದೆ. ಅಮೆರಿಕದ ಸೇನೆಯ ಹಳೆಯ ಎಂ1 ಗ್ಯಾರಂಡ್ ರೈಫಲ್ಲುಗಳಲ್ಲಿ ಅಂಥ ಮದ್ದು ಬಳಸಿದರೆ ಬೋಲ್ಟನ್ನು ಎಳೆಯುವ ಸರಳೇ ಬಾಗಬಹುದು. ಮದ್ದು ಕಡಿಮೆಯಾದರೆ ಬೋಲ್ಟು ಅರ್ಧ ದಾರಿಗೆ ಸುಸ್ತಾಗಿ ಖಾಲಿ ಕೇಸನ್ನು ಬಾಗಿಲಲ್ಲೇ ಕಚ್ಚಿ ನಿಲ್ಲುತ್ತದೆ. ಐವತ್ತು ಕೇಸುಗಳಿಗೂ ಸುರಿದ ಮೇಲೆ ಟಾರ್ಚ್ ಹಿಡಿದು ಪ್ರತಿಯೊಂದರ ಒಳಗೂ ಇಣುಕುತ್ತೇನೆ. ಈ ಅಳತೆಯ ಕೇಸಿನಲ್ಲಿ ಸಾಮಾನ್ಯ ಮದ್ದು ಬಹುತೇಕ ತುಂಬಿರುವುದರಿಂದ ಎರಡು ಸಲ ಸುರಿದರೆ ಉಕ್ಕಿ ಚೆಲ್ಲುತ್ತದೆ, ಅದು ನಮ್ಮ ಪುಣ್ಯ. ಸುರಿಯದೆ ಬಿಟ್ಟುಹೋದದ್ದು ಮಾತ್ರ ಇಣುಕದೆ ಗೊತ್ತಾಗುವುದಿಲ್ಲ. ಪ್ರೈಮರ್ ಒಂದೇ ಸಿಡಿದು ಗುಂಡು ನಳಿಕೆಯಲ್ಲಿ ನಿಂತರೆ, ಅದರ ಹಿಂದೆ ಇನ್ನೊಂದು ಹಾರಿಸಿದರೆ, ನಳಿಕೆ ಸೀಳುತ್ತದೆ.

ಗುಂಡು ಕೂರಿಸುವಾಗ ತೋಟಾದ ಒಟ್ಟು ಉದ್ದ 57.40 ಮಿಲಿಮೀಟರ್ ಮೀರದಂತೆ ನೋಡಬೇಕು, ಇಲ್ಲವಾದರೆ ಮ್ಯಾಗಝಿನ್ನೇ ಒಳಗೆ ಸೇರಿಸಿಕೊಳ್ಳದು. ಬೋಲ್ಟು ತೋಟಾವನ್ನು ಮ್ಯಾಗಝಿನ್ನಿನಿಂದ ಕಿತ್ತು ಚೇಂಬರಿನ ಮುಂದಿನ ಇಳಿಜಾರಿಗೆ ಅಪ್ಪಳಿಸುವುದರಿಂದ ಗುಂಡು ಒಳಕ್ಕೆ ಸರಿದುಬಿಡುವ ಅಪಾಯವೂ ಇದೆ. ಸರಿದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಗುಂಡಿನ ಮೂತಿಯನ್ನು ಮೇಜಿನ ಅಂಚಿಗೆ ಹೆಬ್ಬೆರಳಿನ ಬಲದಿಂದ ಒತ್ತಿ, ಉದ್ದವನ್ನು ಮತ್ತೆ ಅಳೆದು, ಒಂದಿಷ್ಟೂ ಕದಲಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಕುತ್ತಿಗೆಯ ಹಿಡಿತ ಸರಿಯಿದ್ದರೆ ಬಾಯಿಯನ್ನು ಮಡಿಚುವುದು ಅಗತ್ಯವಿಲ್ಲ ಎಂಬುದು ಹಿರಿಯರ ಮತ. ನಾನು ಹಗುರಾಗಿ ಮಡಿಚುತ್ತೇನೆ, ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಹೊಂದಿಕೆಯಾಗಿಲ್ಲ.

ಎರಡನೆಯ ಸಲ ಮೈದಾನಕ್ಕೆ ಹೋದಾಗ ಹಿರಿಯರು ಮ್ಯಾಗಝಿನ್ನಿಗೆ ಒಂದೇ ತೋಟಾ ಹಾಕಿಸಿದರು. ಹಾರಿಸಿದ ಮೇಲೆ ಬೋಲ್ಟು ಪೂರ್ತಿ ಹಿಂದಕ್ಕೆ ಹೋಗಿ ಅಲ್ಲಿಯೇ ನಿಂತರೆ ಯಂತ್ರಕ್ಕೆ ಸಾಕಷ್ಟು ಬಲ ಸಿಕ್ಕಿದೆ ಎಂದರ್ಥ. ನಿಂತಿತು. ಇನ್ನೊಂದು, ನಿಂತಿತು. ಹೀಗೆ ಐದು. ನಂತರ ಎರಡೆರಡು, ಆಮೇಲೆ ಹತ್ತು. ಐವತ್ತೂ ಹಾರಿದವು. ಪ್ರತಿ ಸಲವೂ ಬೋಲ್ಟು ಮುಚ್ಚುವ ಗಟ್ಟಿ ಸದ್ದಿಗೇ ಕಿವಿಗೊಟ್ಟಿದ್ದೆನೇ ಹೊರತು ಗುರಿಹಲಗೆಯ ಮೇಲೆ ರಂಧ್ರಗಳು ಎಲ್ಲಿ ಬಿದ್ದವೆಂದು ಸರಿಯಾಗಿ ನೋಡಲಿಲ್ಲ. ನೋಡಿದಾಗ, ಅವು ಹೆಮ್ಮೆಪಡುವಂತೇನೂ ಇರಲಿಲ್ಲ.

ಆ ಐವತ್ತು ಕೇಸುಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ಎಷ್ಟು ಸಲ ತುಂಬಿಸಿದ್ದೇನೆಂದು ಮುಚ್ಚಳದ ಮೇಲೆ ಗೀಟು ಹಾಕುತ್ತಾ ಬಂದೆ. ಐದನೆಯ ಗೀಟಿನ ಹೊತ್ತಿಗೆ ಮೂರು ಕೇಸುಗಳ ಕುತ್ತಿಗೆ ಸೀಳಿತ್ತು. ಇನ್ನೊಂದರ ಬುಡದಿಂದ ಅರ್ಧ ಬೆರಳಿನಷ್ಟು ಮೇಲೆ, ಮಾಸಲು ಹಿತ್ತಾಳೆಯ ನಡುವೆ, ಬೆಳ್ಳಗೆ ಮಿನುಗುವ ಎಳೆಯೊಂದು ಸುತ್ತುವರಿದಿತ್ತು. ಕಾಗದಕ್ಕೆ ಹಾಕುವ ತಂತಿ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಮೊನಚಾಗಿ ಉಜ್ಜಿ ಕೊಕ್ಕೆಯಂತೆ ಬಗ್ಗಿಸಿ, ಕೇಸಿನ ಒಳಗೆ ಇಳಿಸಿ ತಳದಿಂದ ಗೋಡೆಗುಂಟ ಮೇಲಕ್ಕೆ ಎಳೆದೆ. ನುಣ್ಣಗೆ ಬರುತ್ತಿದ್ದ ಕೊಕ್ಕೆ ಆ ಎಳೆಯ ನೇರಕ್ಕೆ ಬಂದಾಗ ತಟ್ಟನೆ ಸಣ್ಣ ಹಳ್ಳಕ್ಕೆ ಬಿದ್ದು ತಡೆಯಿತು. ತಿರುಗಿಸಿ ಎಳೆದೆ, ಮತ್ತೆ ತಡೆಯಿತು. ಸುತ್ತಲೂ ಹಳ್ಳವೇ. ಅದು ಹೊಸ ಅಳತೆ ಹುಡುಕುವಾಗ ನಾನು ಅತಿಯಾಗಿ ಒತ್ತಿದ್ದ ಎರಡರಲ್ಲಿ ಒಂದು, ಬಿಸಾಡಲು ಮನಸ್ಸಾಗದೆ ಡಬ್ಬಿಗೆ ಸೇರಿಸಿದ್ದೆ. ಇಕ್ಕಳದಿಂದ ಅದರ ಬಾಯಿಯನ್ನು ಚಪ್ಪಟೆಯಾಗಿ ಜಜ್ಜಿ, ಯಾರೂ ಮತ್ತೆ ಹೆಕ್ಕದಂತೆ ಗುಜರಿಯ ಡಬ್ಬಕ್ಕೆ ಎಸೆದು, ಉಳಿದ ಕೇಸುಗಳಲ್ಲಿ ಅದರ ಜೋಡಿಯನ್ನು ಹುಡುಕಲು ಕೊಕ್ಕೆ ಹಿಡಿದು ಕೂತೆ. ನಲವತ್ತೊಂದನೆಯದರಲ್ಲಿ ಸಿಕ್ಕಿತು.